ಹಳೆಯ ಮನೆಯ ನವೀಕರಣ: ಒಳಗೂ ಹೊರಗೂ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು?

ಹಳೆಯ ಮನೆಯನ್ನು ಹೊಸದಾಗಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಯೋಚಿಸುವುದು ಬಣ್ಣ, ನೆಲಹಾಸು ಮತ್ತು ಅಡುಗೆಮನೆಯ ಕಪಾಟುಗಳ ಬಗ್ಗೆ. ಕಣ್ಣಿಗೆ ಮೊದಲು ಬೀಳುವುದು ಅವೇ ಆದ್ದರಿಂದ ಇದು ಸಹಜ. ಆದರೆ ಬಣ್ಣ ಬಳಿದ ಆರು ತಿಂಗಳಿಗೆ ಗೋಡೆಯಲ್ಲಿ ಪಸೆ ಕಾಣಿಸಿಕೊಂಡರೆ, ಹೊಸ ಟೈಲ್ಸ್ ಕೂರಿಸಿದ ಮೇಲೆ ಅದರ ಕೆಳಗಿನ ಹಳೆಯ ಕೊಳವೆ ಸೋರತೊಡಗಿದರೆ, ಮಾಡಿದ ಕೆಲಸವನ್ನೇ ಒಡೆದು ಮತ್ತೊಮ್ಮೆ ಮಾಡಬೇಕಾಗುತ್ತದೆ. ನವೀಕರಣದಲ್ಲಿ ಹಣ ಪೋಲಾಗುವುದು ದುಬಾರಿ ಸಾಮಗ್ರಿಗಿಂತ ಹೆಚ್ಚಾಗಿ ತಪ್ಪಿದ ಕ್ರಮದಿಂದ. ಮೊದಲು ನೀರನ್ನು ತಡೆಯಬೇಕು, ಬಳಿಕ ಭಾರ ಹೊರುವ ಭಾಗಗಳನ್ನು ಗಟ್ಟಿಗೊಳಿಸಬೇಕು, ಆಮೇಲೆ ಗೋಡೆಯೊಳಗೆ ಹುದುಗುವ ಕೊಳವೆ ಮತ್ತು ತಂತಿಗಳನ್ನು ಮುಗಿಸಬೇಕು. ಕಣ್ಣಿಗೆ ಕಾಣುವ ಕೆಲಸಗಳ ಸರದಿ ಇವೆಲ್ಲದರ ನಂತರ. ಮುಂದಿನ ಹಂತಗಳೆಲ್ಲವೂ ಈ ಕ್ರಮವನ್ನೇ ಅನುಸರಿಸುತ್ತವೆ.

ಮೊದಲ ಹಂತ: ಸುತ್ತಿಗೆ ಎತ್ತುವ ಮುನ್ನ ಮನೆಯನ್ನು ಓದುವುದು

ಸಾಧ್ಯವಿದ್ದರೆ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಆ ಮನೆಯಲ್ಲಿ ಕಳೆದ ಮೇಲೆಯೇ ದೊಡ್ಡ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು. ಅಷ್ಟು ಸಮಯವಿಲ್ಲದವರು ಕನಿಷ್ಠ ಒಂದು ದೊಡ್ಡ ಮಳೆಯ ದಿನವಾದರೂ ಟಾರ್ಚು ಹಿಡಿದು ಮಾಡಿನ ಕೆಳಗೆ, ಗೋಡೆಯ ಮೂಲೆಗಳಲ್ಲಿ, ಕಿಟಕಿಗಳ ಕೆಳಭಾಗದಲ್ಲಿ ನೋಡಬೇಕು. ಪ್ರತಿ ಕೋಣೆಯ ಅಳತೆ ತೆಗೆದು ನಕ್ಷೆಯೊಂದನ್ನು ಬರೆದುಕೊಂಡು, ಕಂಡ ದೋಷಗಳನ್ನೆಲ್ಲ ಆ ನಕ್ಷೆಯ ಮೇಲೆಯೇ ಗುರುತಿಸಬೇಕು. ಮೇಲಿನ ಕೋಣೆಯ ಬಚ್ಚಲಿಗೂ ಕೆಳಗಿನ ಕೋಣೆಯ ಕಲೆಗೂ ಇರುವ ನಂಟು ಬಹಳ ಸಲ ನಕ್ಷೆಯ ಮೇಲೆಯೇ ಬಯಲಾಗುತ್ತದೆ.

ಬಿರುಕುಗಳನ್ನು ನೋಡಿ ಗಾಬರಿಯಾಗುವುದಾಗಲಿ, ಅವುಗಳಿಗೆ ಪುಟ್ಟಿ ಮೆತ್ತಿ ಮರೆತುಬಿಡುವುದಾಗಲಿ ಸರಿಯಲ್ಲ. ಒಂದು ಮಿಲಿಮೀಟರಿಗಿಂತ ಕಿರಿದಾದ, ಕೂದಲೆಳೆಯಂಥ ಬಿರುಕುಗಳು ಸಾಮಾನ್ಯವಾಗಿ ಗಾರೆಯ ಮೇಲ್ಪದರಕ್ಕೆ ಸೀಮಿತವಾಗಿರುತ್ತವೆ. 5 ಮಿಲಿಮೀಟರಿಗಿಂತ ಅಗಲವಾದದ್ದು, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವುದು, ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲಿನಂತೆ ಓರೆಯಾಗಿ ಏರುವುದು ಕಂಡರೆ ರಚನಾ ಎಂಜಿನಿಯರನ್ನು ಕರೆಸಲೇಬೇಕು. ಬಿರುಕು ಮೇಲೆ ಅಗಲವಾಗಿದ್ದು ಕೆಳಗೆ ಕಿರಿದಾಗುತ್ತಿದ್ದರೆ ಗೋಡೆಯ ತುದಿಯ ಭಾಗ ಕುಸಿಯುತ್ತಿರಬಹುದು. ಕೆಳಗೆ ಅಗಲವಾಗಿದ್ದರೆ ನಡುಭಾಗ ಜಗ್ಗುತ್ತಿರಬಹುದು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂಬುದು. ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಕ್ರೂ ಕೂರಿಸಿ, ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ದಿನಾಂಕದೊಂದಿಗೆ ಬರೆದಿಟ್ಟರೆ ಇದಕ್ಕೆ ಉತ್ತರ ಸಿಗುತ್ತದೆ. ಜೇಡಿಮಣ್ಣಿನ ನೆಲ ಒಣಗಿದಾಗ ಕುಗ್ಗಿ, ನೆನೆದಾಗ ಹಿಗ್ಗುವುದರಿಂದ, ಋತುವಿನೊಂದಿಗೆ ತೆರೆದು ಮುಚ್ಚಿಕೊಳ್ಳುವ ಬಿರುಕೂ ಇರುತ್ತದೆ. ಅದಕ್ಕೆ ಗಡುಸಾದ ಸಿಮೆಂಟು ತುಂಬಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತದೆ.

ಮರದ ತೊಲೆ, ಜಂತಿ, ಚೌಕಟ್ಟುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಬೇಕು. ವಿಶೇಷವಾಗಿ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವಲ್ಲಿ ಪರೀಕ್ಷಿಸಬೇಕು, ಏಕೆಂದರೆ ಮರ ಮೊದಲು ಕೊಳೆಯುವುದು ಅಲ್ಲಿ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊಳೆಯಿಸುವ ಶಿಲೀಂಧ್ರ ಬೆಳೆಯಲಾರದು. ಅಗ್ಗದ ತೇವಮಾಪಕವೊಂದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಸುರಂಗಗಳು ಏರಿದ್ದರೆ ಗೆದ್ದಲಿನ ಕೆಲಸ ನಡೆದಿದೆ ಎಂದೇ ತಿಳಿಯಬೇಕು.

ಎರಡನೆಯ ಹಂತ: ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯುವುದು

ಗೋಡೆಯ ಪಸೆಗೆ ಮೂರು ಮೂಲಗಳಿರಬಹುದು. ನೆಲದಿಂದ ಮೇಲಕ್ಕೆ ಏರುವ ತೇವ ಒಂದು. ಮಾಡು, ಬಿರುಕು ಅಥವಾ ಒಡೆದ ಕೊಳವೆಯ ಮೂಲಕ ಒಳಗೆ ಇಳಿಯುವ ನೀರು ಇನ್ನೊಂದು. ಒಳಗಿನ ಗಾಳಿಯ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟುವುದು ಮೂರನೆಯದು. ಮೂರಕ್ಕೂ ಪರಿಹಾರ ಬೇರೆ ಬೇರೆ. ಆದ್ದರಿಂದ ಮೂಲ ತಿಳಿಯದೆ ಜಲನಿರೋಧಕ ಬಣ್ಣ ಬಳಿಯುವುದು ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಸುಲಭವಾದ ಪರೀಕ್ಷೆಯೊಂದಿದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಾಳಿಯಾಡದಂತೆ ಮುಚ್ಚಿ, ಒಂದೆರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈಯಲ್ಲಿ ಕಂಡರೆ ಅದು ಒಳಗಿನ ಆವಿ. ಎರಡನೆಯದಾದರೆ ಗಾಳಿಯ ಹರಿವನ್ನು ಹೆಚ್ಚಿಸುವುದು, ಅಡುಗೆಮನೆಗೂ ಬಚ್ಚಲಿಗೂ ಗಾಳಿ ಹೊರದೂಡುವ ಫ್ಯಾನ್ ಹಾಕುವುದು ಸಾಕಾಗಬಹುದು.

ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ ಮತ್ತು ಅಲ್ಲೊಂದು ಬಿಳಿಯ ಉಪ್ಪಿನ ಗೆರೆಯನ್ನು ಬಿಡುತ್ತದೆ. ಅದಕ್ಕಾಗಿ ಗೋಡೆಗೆ ತೇವ ತಡೆಯುವ ರಾಸಾಯನಿಕ ಚುಚ್ಚಿಸುವ ಮೊದಲು ಹೊರಗೆ ಹೋಗಿ ನೋಡಬೇಕು. ವರ್ಷಗಳಿಂದ ಗೋಡೆಯ ಬುಡಕ್ಕೆ ಮಣ್ಣು, ಹೂವಿನ ಪಾತಿ, ಹೊಸ ನೆಲಗಟ್ಟುಗಳು ಸೇರಿ ಹೊರಗಿನ ಮಟ್ಟ ಒಳನೆಲದ ಮಟ್ಟಕ್ಕೇ ಬಂದಿರುವುದು ಹಳೆಯ ಮನೆಗಳಲ್ಲಿ ಬಹಳ ಸಾಮಾನ್ಯ. ಹೊರಮಣ್ಣು ಒಳನೆಲಕ್ಕಿಂತ ಕನಿಷ್ಠ 150 ಮಿಲಿಮೀಟರಿನಷ್ಟು ಕೆಳಗಿರಬೇಕು. ಮನೆಯಿಂದ ಮೊದಲ ಮೂರು ಮೀಟರಿನೊಳಗೆ ನೆಲ ಸುಮಾರು 150 ಮಿಲಿಮೀಟರಿನಷ್ಟಾದರೂ ಹೊರಮುಖವಾಗಿ ಇಳಿಯಬೇಕು. ಸಲಿಕೆ ಹಿಡಿದು ಒಂದು ವಾರ ಮಾಡುವ ಈ ಕೆಲಸದಿಂದಲೇ ಎಷ್ಟೋ ಗೋಡೆಗಳು ಒಣಗಿವೆ. ಆಕರ್ಷಕವಲ್ಲದ ಕೆಲಸವಾದ್ದರಿಂದ ಗುತ್ತಿಗೆದಾರರು ಇದನ್ನು ತಾವಾಗಿ ಸೂಚಿಸುವುದು ಅಪರೂಪ.

ಮೂರನೆಯ ಹಂತ: ಲೆಕ್ಕ, ಅನುಮತಿ, ಒಪ್ಪಂದ

ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗೋಡೆ ಒಡೆದ ಮೇಲೆ ಕಾಣುವ ಅನಿರೀಕ್ಷಿತ ದೋಷಗಳಿಗಾಗಿ ಒಟ್ಟು ಅಂದಾಜಿನ ಶೇ. 15ರಿಂದ 20ರಷ್ಟು ಹಣವನ್ನು ಬೇರೆಯಾಗಿ ಎತ್ತಿಡಬೇಕು. ಹೊರರೂಪ ಬದಲಿಸಲು, ಅಂತಸ್ತು ಏರಿಸಲು, ಪಾರಂಪರಿಕ ಕಟ್ಟಡವನ್ನು ಮುಟ್ಟಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಹಣವನ್ನು ದಿನಾಂಕಗಳಿಗೆ ಕಟ್ಟಿಹಾಕದೆ, ಮುಗಿದು ಪರೀಕ್ಷೆಯಾದ ಕೆಲಸಕ್ಕೆ ತಕ್ಕಂತೆ ಕಂತುಗಳಲ್ಲಿ ಕೊಡುವ ಒಪ್ಪಂದವನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು.

ನಾಲ್ಕನೆಯ ಹಂತ: ಒಡೆಯುವಾಗಿನ ಎಚ್ಚರ

ಕೋಣೆಗಳನ್ನು ದೊಡ್ಡದು ಮಾಡುವ ಆಸೆಯಿಂದ ನಡುಗೋಡೆ ತೆಗೆಯಲು ಹೊರಟಾಗ ಅದು ಭಾರ ಹೊರುವ ಗೋಡೆಯೇ ಎಂಬುದು ಮೊದಲ ಪ್ರಶ್ನೆ. ಮೇಲಿನ ಜಂತಿಗಳು ಗೋಡೆಗೆ ಅಡ್ಡಲಾಗಿ ಸಾಗಿ ಅದರ ಮೇಲೆ ಕೂತಿದ್ದರೆ, ಮೇಲಂತಸ್ತಿನಲ್ಲಿ ಅದೇ ಸಾಲಿನಲ್ಲಿ ಇನ್ನೊಂದು ಗೋಡೆಯಿದ್ದರೆ, ಅದು ಭಾರ ಹೊರುತ್ತಿದೆ ಎಂದೇ ಭಾವಿಸಬೇಕು. ತೆಳ್ಳಗಿರುವ ಗೋಡೆ ಭಾರ ಹೊರುವುದಿಲ್ಲ ಎಂಬ ನಂಬಿಕೆ ಅಪಾಯಕಾರಿ, ಏಕೆಂದರೆ ದಶಕಗಳಲ್ಲಿ ಜಗ್ಗಿದ ಜಂತಿಗಳು ಮೂಲದಲ್ಲಿ ಬರೀ ತಡಿಕೆಯಾಗಿದ್ದ ಗೋಡೆಯ ಮೇಲೆ ಬಂದು ಕೂತಿರುತ್ತವೆ. ಅಂಥ ಗೋಡೆಯನ್ನು ಎಂಜಿನಿಯರ್ ಲೆಕ್ಕ ಹಾಕಿಕೊಟ್ಟ ತೊಲೆಯಿಲ್ಲದೆ, ಕೆಲಸ ಮುಗಿಯುವವರೆಗೆ ಮೇಲ್ಭಾಗವನ್ನು ಎತ್ತಿಹಿಡಿಯುವ ಊರುಗಂಬಗಳಿಲ್ಲದೆ ಮುಟ್ಟಬಾರದು.

ಎರಡನೆಯ ಅಪಾಯ ದೂಳಿನದು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆ ಬಹಳ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸ ಬೆರೆಸುವುದನ್ನು 1978ರಲ್ಲಿ ನಿಷೇಧಿಸಲಾಯಿತು. ಹಲವು ದೇಶಗಳಲ್ಲಿ ಅದು ಇನ್ನೂ ತಡವಾಯಿತು. ಅಂಥ ಬಣ್ಣವನ್ನು ಒಣಗಿದ್ದಂತೆಯೇ ಯಂತ್ರದಿಂದ ಉಜ್ಜಿದರೆ ಏಳುವ ದೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಒದ್ದೆ ಮಾಡಿ ಉಜ್ಜುವುದು, ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವುದು, ಸೂಕ್ಷ್ಮ ಕಣಗಳನ್ನು ತಡೆಯುವ ಮಾಸ್ಕ್ ಧರಿಸುವುದು, ಗರ್ಭಿಣಿಯರನ್ನೂ ಮಕ್ಕಳನ್ನೂ ಆ ದಿನಗಳಲ್ಲಿ ಬೇರೆಡೆ ಇರಿಸುವುದು ಅಗತ್ಯ. ಹಳೆಯ ಸಿಮೆಂಟು ಶೀಟು, ಕೊಳವೆಗಳ ಸುತ್ತಿನ ಹೊದಿಕೆ, ಕೆಲವು ಬಗೆಯ ಹಳೆಯ ನೆಲದ ಬಿಲ್ಲೆಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದು ಒಡೆಯದೆ, ಪುಡಿಯಾಗದೆ ಇರುವಷ್ಟು ದಿನ ಅಪಾಯ ಕಡಿಮೆ. ಕೊರೆದರೆ, ಕತ್ತರಿಸಿದರೆ ಎಳೆಗಳು ಗಾಳಿಗೆ ಸೇರುತ್ತವೆ. ಅದನ್ನು ತೆಗೆಯುವ ಕೆಲಸ ಪರಿಣತರಿಗೇ ಬಿಟ್ಟದ್ದು.

ಐದನೆಯ ಹಂತ: ಮಾಡು ಮತ್ತು ಮೈಕಟ್ಟು

ಹೊರಗಿನ ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು. ಹೆಂಚಿನ ಮಾಡಾದರೆ ಒಡೆದ ಹೆಂಚುಗಳನ್ನು ಬದಲಿಸುವುದಷ್ಟೇ ಸಾಲದು. ಎರಡು ಇಳಿಜಾರುಗಳು ಕೂಡುವ ಕಣಿವೆ, ಗೋಡೆ ಮತ್ತು ಮಾಡು ಸೇರುವ ಸಂದು, ಹೊಗೆಗೂಡಿನ ಸುತ್ತ ಹಾಕಿದ ತಗಡು ಇವುಗಳನ್ನು ನೋಡಬೇಕು. ಸೋರಿಕೆ ಹೆಚ್ಚಾಗಿ ಶುರುವಾಗುವುದು ಈ ಸಂದುಗಳಲ್ಲಿ. ನೀರು ಜಂತಿಯನ್ನು ಹಿಡಿದು ಹರಿದು ಎಲ್ಲೋ ದೂರದಲ್ಲಿ ತೊಟ್ಟಿಕ್ಕುವುದರಿಂದ ಕಲೆಯ ನೆತ್ತಿಯ ಮೇಲಿನ ಹೆಂಚನ್ನು ಬದಲಿಸಿ ಪ್ರಯೋಜನವಾಗುವುದಿಲ್ಲ. ತಾರಸಿಯಾದರೆ ನೀರು ನಿಲ್ಲದಂತೆ ಪ್ರತಿ ಮೀಟರಿಗೆ ಕನಿಷ್ಠ 10 ಮಿಲಿಮೀಟರಿನ ಇಳಿಜಾರಿದೆಯೇ ಎಂದು ರಸಮಟ್ಟದಿಂದ ಪರೀಕ್ಷಿಸಬೇಕು. ಇಳಿಜಾರಿಲ್ಲದ ತಾರಸಿಗೆ ಎಷ್ಟು ಒಳ್ಳೆಯ ಜಲನಿರೋಧಕ ಬಳಿದರೂ ಅದು ಹೆಚ್ಚು ದಿನ ಬಾಳದು.

ಕಾಂಕ್ರೀಟಿನ ಚಾವಣಿಯಿಂದ ಚಕ್ಕೆಗಳು ಉದುರಿ ಕಂಬಿ ಕಾಣುತ್ತಿದ್ದರೆ ಒಳಗಿನ ಉಕ್ಕು ತುಕ್ಕು ಹಿಡಿದಿದೆ ಎಂದರ್ಥ. ತುಕ್ಕು ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗವನ್ನು ಆಕ್ರಮಿಸುವುದರಿಂದ ಸುತ್ತಲಿನ ಕಾಂಕ್ರೀಟನ್ನು ಅದು ಒಳಗಿನಿಂದಲೇ ಸೀಳುತ್ತದೆ. ಮೇಲೆ ಗಾರೆ ಮೆತ್ತಿದರೆ ಆ ಗಾರೆಯೂ ಉದುರುತ್ತದೆ. ಸಡಿಲವಾದದ್ದನ್ನೆಲ್ಲ ಕಂಬಿಯ ಹಿಂಬದಿಯವರೆಗೆ ಕೊರೆದು ತೆಗೆದು, ತುಕ್ಕನ್ನು ಪೂರ್ತಿ ಉಜ್ಜಿ, ಕಂಬಿಗೆ ರಕ್ಷಕ ಲೇಪ ಹಚ್ಚಿ, ಆಮೇಲೆ ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಕಂಬಿ ಬಹಳ ಸವೆದಿದ್ದರೆ ಎಂಜಿನಿಯರ್ ಹೇಳಿದಂತೆ ಹೊಸ ಕಂಬಿಯನ್ನು ಜೋಡಿಸಬೇಕು.

ಆರನೆಯ ಹಂತ: ಹೊರಗೋಡೆ, ಸುಣ್ಣ ಮತ್ತು ಸಿಮೆಂಟಿನ ಪ್ರಶ್ನೆ

ಹಳೆಯ ಮನೆಗಳಿಗೆ ಒಳ್ಳೆಯ ಉದ್ದೇಶದಿಂದಲೇ ಆಗುವ ಅತಿ ದೊಡ್ಡ ಹಾನಿಯೆಂದರೆ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಗಿಲಾವು ಮಾಡುವುದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಸಾಮಾನ್ಯ ಮನೆಗಳ ಗೋಡೆಯವರೆಗೆ ತಲುಪಲು ಇನ್ನೂ ಬಹಳ ಕಾಲ ಹಿಡಿಯಿತು. ಅದಕ್ಕೂ ಹಿಂದಿನ ಇಟ್ಟಿಗೆ, ಕಲ್ಲು, ಮಣ್ಣಿನ ಗೋಡೆಗಳು ಸುಣ್ಣ ಅಥವಾ ಮಣ್ಣಿನ ಗಾರೆಯಿಂದ ಕಟ್ಟಿದವು. ಅಂಥ ಗೋಡೆ ಒಂದಿಷ್ಟು ನೀರನ್ನು ಹೀರಿ, ಬಿಸಿಲು ಗಾಳಿಗೆ ಮತ್ತೆ ಬಿಟ್ಟುಕೊಡುತ್ತದೆ. ಅದರ ಮೇಲೆ ಬಿಗಿಯಾದ ಸಿಮೆಂಟಿನ ಪದರ ಬಂದಾಗ ಕೂದಲೆಳೆಯ ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲು ದಾರಿ ಕಾಣದೆ ಒಳಗೇ ಉಳಿಯುತ್ತದೆ, ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಪುಡಿಮಾಡುತ್ತದೆ, ಕೊನೆಗೆ ಸಿಮೆಂಟಿನ ಪದರ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಹಾಳೆ ಹಾಳೆಯಾಗಿ ಬೀಳುತ್ತದೆ. ಗೋಡೆಯನ್ನು ಬೆರಳಿನಿಂದ ಕುಟ್ಟಿದಾಗ ಟೊಳ್ಳು ಸದ್ದು ಬಂದರೆ ಪದರ ಆಗಲೇ ಬಿಟ್ಟುಕೊಂಡಿದೆ ಎಂದು ತಿಳಿಯಬಹುದು.

ಗಾರೆ ಯಾವುದೆಂದು ತಿಳಿಯಲು ಸಂದಿನಿಂದ ಸ್ವಲ್ಪ ಕೆರೆದು ನೋಡಬೇಕು. ಸುಣ್ಣದ ಗಾರೆ ಬೆಳ್ಳಗೆ ಅಥವಾ ಕೆನೆಬಣ್ಣಕ್ಕಿದ್ದು, ಬಿಳಿಯ ಸುಣ್ಣದ ಕಾಳುಗಳು ಅಲ್ಲಲ್ಲಿ ಕಾಣುತ್ತವೆ ಮತ್ತು ಉಗುರಿಗೋ ಬೀಗದ ಕೈಗೋ ಪುಡಿಯಾಗುತ್ತದೆ. ಸಿಮೆಂಟು ಬೂದುಬಣ್ಣಕ್ಕಿದ್ದು ಸುಲಭವಾಗಿ ಬಗ್ಗುವುದಿಲ್ಲ. ಸುಣ್ಣದ ಗೋಡೆಯಾದರೆ ಸವೆದ ಸಂದುಗಳನ್ನು ಸುಮಾರು 20ರಿಂದ 25 ಮಿಲಿಮೀಟರಿನಷ್ಟು ಆಳಕ್ಕೆ ಕೆರೆದು, ದೂಳು ತೊಳೆದು, ಒದ್ದೆ ಮಾಡಿ, ಸುಣ್ಣದ ಗಾರೆಯನ್ನೇ ತುಂಬಬೇಕು. ತುಂಬುವ ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆದುವಾಗಿರಬೇಕು. ಗೋಡೆ ಅಲುಗಿದಾಗ ಸವೆಯಬೇಕಾದದ್ದು ಮತ್ತೆ ತುಂಬಬಹುದಾದ ಗಾರೆಯೇ. ಇಟ್ಟಿಗೆ ಸವೆದರೆ ಅದನ್ನು ಹಾಗೆ ತುಂಬಿಕೊಡಲು ಬರುವುದಿಲ್ಲ. ಗಿಲಾವಿಗೆ ಅಳತೆಯಲ್ಲಿ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು ಸಾಮಾನ್ಯ ಲೆಕ್ಕ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುವುದರಿಂದ ತೆಳುವಾದ ಪದರಗಳಲ್ಲಿ, ನಡುವೆ ದಿನಗಳ ಬಿಡುವು ಕೊಟ್ಟು, ನೇರ ಬಿಸಿಲು ತಾಗದಂತೆ ಮರೆಮಾಡಿ, ಆಗಾಗ ನೀರು ಚಿಮುಕಿಸಿ ಮಾಡಬೇಕು. ಅವಸರವಿರುವವರಿಗೆ ಈ ಕೆಲಸ ಒಗ್ಗುವುದಿಲ್ಲ. ಹಸಿ ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ ಎಂಬುದನ್ನು ಮರೆಯದೆ ಕೈಗವಸು ಮತ್ತು ಕನ್ನಡಕ ಧರಿಸಬೇಕು.

ಸಿಮೆಂಟಿನಿಂದಲೇ ಕಟ್ಟಿದ ಮನೆಯಾದರೆ ಸಿಮೆಂಟು ಗಿಲಾವಿಗೆ ಅಡ್ಡಿಯಿಲ್ಲ. ಎರಡೂ ಬಗೆಯಲ್ಲಿ ಸಜ್ಜಾ ಮತ್ತು ಕಿಟಕಿಯ ಹೊರಚಾಚುಗಳ ಅಡಿಭಾಗದಲ್ಲಿ ನೀರು ತೊಟ್ಟಿಕ್ಕಲು ಸಣ್ಣ ಗಾಡಿಯೊಂದನ್ನು, ಅಂದರೆ ಉದ್ದನೆಯ ತೋಡನ್ನು, ಕೊರೆಯಿಸಬೇಕು. ಅದಿಲ್ಲದಿದ್ದರೆ ಮಳೆನೀರು ಅಡಿಭಾಗವನ್ನು ಹಿಡಿದುಕೊಂಡು ನೇರವಾಗಿ ಗೋಡೆಗೆ ಹರಿಯುತ್ತದೆ.

ಏಳನೆಯ ಹಂತ: ಗೋಡೆಯೊಳಗಿನ ಕೊಳವೆ ಮತ್ತು ತಂತಿ

ಹಳೆಯ ಕಲಾಯಿ ಕಬ್ಬಿಣದ ಕೊಳವೆಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ತುಕ್ಕಿನಿಂದ ಕಿರಿದಾಗಿರುತ್ತವೆ. ನಲ್ಲಿಯಲ್ಲಿ ಬೆಳಗಿನ ಮೊದಲ ನೀರು ಕಂದುಬಣ್ಣಕ್ಕೆ ಬರುವುದು, ಒಂದು ನಲ್ಲಿ ತೆರೆದಾಗ ಇನ್ನೊಂದರ ರಭಸ ಇಳಿಯುವುದು ಇದರ ಲಕ್ಷಣಗಳು. ಗೋಡೆ ಹೇಗೂ ತೆರೆದಿರುವಾಗ ಇವನ್ನು ಪೂರ್ತಿಯಾಗಿ ಬದಲಿಸುವುದೇ ಲೇಸು. ಅರ್ಧ ಹಳೆಯದು ಅರ್ಧ ಹೊಸದು ಮಾಡಿದರೆ ಮುಂದಿನ ಸೋರಿಕೆ ಕೂಡಿಸಿದ ಜಾಗದಲ್ಲೇ ಬರುತ್ತದೆ. ಹೊಸ ಕೊಳವೆಗಳನ್ನು ಗಾರೆಯಿಂದ ಮುಚ್ಚುವ ಮುನ್ನ ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಪರೀಕ್ಷಿಸಬೇಕು. ಹೊಲಸು ನೀರಿನ 100 ಮಿಲಿಮೀಟರ್ ಕೊಳವೆಗೆ ಪ್ರತಿ ಮೀಟರಿಗೆ ಸುಮಾರು 25 ಮಿಲಿಮೀಟರಿನ ಇಳಿಜಾರು ಸಾಮಾನ್ಯ.

ತಂತಿಯ ವಿಷಯದಲ್ಲಿ ಮಿತವ್ಯಯ ಬೇಡ. ಬಟ್ಟೆ ಅಥವಾ ರಬ್ಬರಿನ ಹೊದಿಕೆಯ ತಂತಿಗಳು ಕಾಲಾಂತರದಲ್ಲಿ ಒಣಗಿ, ಮುಟ್ಟಿದರೆ ಪುಡಿಯಾಗುತ್ತವೆ. ಹಳೆಯ ಮನೆಗಳಲ್ಲಿ ಅರ್ತಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿ, ಇಲ್ಲದಿರುವುದೂ ಉಂಟು. ದೀಪಗಳಿಗೆ 1.5, ಸಾಮಾನ್ಯ ಸಾಕೆಟ್‌ಗಳಿಗೆ 2.5, ಹೀಟರ್ ಮತ್ತು ಏರ್ ಕಂಡಿಷನರ್‌ಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ವಾಡಿಕೆಯ ಅಳತೆ. ಆದರೆ ದೂರ ಮತ್ತು ಭಾರವನ್ನು ನೋಡಿ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಅಂತಿಮವಾಗಿ ನಿರ್ಧರಿಸಬೇಕು. ವಿದ್ಯುತ್ ನೆಲಕ್ಕೆ ಸೋರಿದೊಡನೆ ಸಂಪರ್ಕ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ತಂತಿಗಾಗಿ ಗೋಡೆ ಕೊರೆಯುವಾಗ ಲಂಬವಾದ ಗಾಡಿ ಗೋಡೆಯ ದಪ್ಪದ ಮೂರನೆಯ ಒಂದು ಭಾಗವನ್ನೂ, ಅಡ್ಡಗಾಡಿ ಆರನೆಯ ಒಂದು ಭಾಗವನ್ನೂ ಮೀರಬಾರದು. ಅಡ್ಡಗಾಡಿಯನ್ನು ಸಾಧ್ಯವಾದಷ್ಟು ತಪ್ಪಿಸಬೇಕು.

ಮುಚ್ಚುವ ಮುನ್ನ ಪ್ರತಿ ಗೋಡೆಗೂ ಅಳತೆ ಪಟ್ಟಿಯನ್ನು ಆನಿಸಿಟ್ಟು ಫೋಟೋ ತೆಗೆದಿಡಬೇಕು. ಹತ್ತು ವರ್ಷಗಳ ನಂತರ ಕಪಾಟು ಹೊಡೆಯಲು ಡ್ರಿಲ್ ಹಿಡಿದಾಗ ಇದರ ಬೆಲೆ ತಿಳಿಯುತ್ತದೆ.

ಎಂಟನೆಯ ಹಂತ: ಬಚ್ಚಲುಮನೆ

ಟೈಲ್ಸ್ ನೀರನ್ನು ತಡೆಯುತ್ತದೆ ಎಂಬುದು ತಪ್ಪು ಕಲ್ಪನೆ. ಸಂದುಗಳಿಗೆ ತುಂಬುವ ಗ್ರೌಟ್ ನೀರನ್ನು ಹೀರುತ್ತದೆ. ತಡೆಯಬೇಕಾದದ್ದು ಅದರ ಕೆಳಗಿನ ಜಲನಿರೋಧಕ ಪದರ. ಅದು ನೆಲದಿಂದ ಗೋಡೆಗೆ ಕನಿಷ್ಠ 150 ಮಿಲಿಮೀಟರ್, ಷವರ್ ಇರುವ ಕಡೆ ಆಳೆತ್ತರಕ್ಕೆ ಏರಬೇಕು. ಪದರ ಒಣಗಿದ ಮೇಲೆ ನೀರು ಹೋಗುವ ಕಿಂಡಿಯನ್ನು ಮುಚ್ಚಿ, ಎರಡು ಬೆರಳು ನೀರು ನಿಲ್ಲಿಸಿ, ಒಂದು ದಿನವಿಡೀ ಬಿಟ್ಟು, ಕೆಳಗಿನ ಚಾವಣಿಯನ್ನೂ ಪಕ್ಕದ ಗೋಡೆಯನ್ನೂ ನೋಡಬೇಕು. ಈ ಪರೀಕ್ಷೆ ನಿಮ್ಮ ಕಣ್ಣೆದುರೇ ನಡೆಯದೆ ಟೈಲ್ಸ್ ಹಾಕಲು ಒಪ್ಪಬಾರದು.

ಒಂಬತ್ತನೆಯ ಹಂತ: ಬಾಗಿಲು, ಕಿಟಕಿ, ನೆಲ, ಬಣ್ಣ

ಹಳೆಯ ಕಾಲದ ಗಟ್ಟಿಮರದ ಕಿಟಕಿಗಳನ್ನು ಕಿತ್ತೆಸೆಯಲು ಅವಸರ ಬೇಡ. ಅವು ನಿಧಾನವಾಗಿ ಬೆಳೆದ ಮರದಿಂದ ಆದವು. ಕೊಳೆತಿರುವುದು ಸಾಮಾನ್ಯವಾಗಿ ಕೆಳಪಟ್ಟಿಯಷ್ಟೇ. ನುರಿತ ಬಡಗಿ ಆ ಭಾಗವನ್ನು ಮಾತ್ರ ಕತ್ತರಿಸಿ ಹೊಸ ತುಂಡು ಕೂಡಿಸಬಲ್ಲ. ಅಂಚುಗಳಿಗೆ ಗಾಳಿ ತಡೆಯುವ ಪಟ್ಟಿ ಕೂರಿಸಿದರೆ ಹೊಸ ಕಿಟಕಿಯ ಗುಣದ ಒಂದು ಪಾಲು ಅದರಲ್ಲೇ ಸಿಗುತ್ತದೆ.

ಹಳೆಯ ನೆಲದ ಮೇಲೆಯೇ ಟೈಲ್ಸ್ ಹಾಸಿದರೆ ಒಡೆಯುವ ಖರ್ಚು ಉಳಿಯುತ್ತದೆ, ನಿಜ. ಆದರೆ ನೆಲ 15ರಿಂದ 20 ಮಿಲಿಮೀಟರ್ ಏರುವುದರಿಂದ ಬಾಗಿಲುಗಳನ್ನು ಕತ್ತರಿಸಬೇಕಾಗುತ್ತದೆ, ಮೆಟ್ಟಿಲ ಸಾಲಿನ ಮೊದಲ ಮೆಟ್ಟಿಲು ಉಳಿದವುಗಳಿಗಿಂತ ಗಿಡ್ಡದಾಗುತ್ತದೆ. ಮೆಟ್ಟಿಲುಗಳ ಎತ್ತರ ಸಮನಾಗಿಲ್ಲದಿದ್ದರೆ ಕಾಲು ತಪ್ಪುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಹಳೆಯ ಮೊಸಾಯಿಕ್ ಅಥವಾ ಕಲ್ಲಿನ ನೆಲ ಗಟ್ಟಿಯಾಗಿದ್ದರೆ ಮರುಪಾಲಿಶ್ ಮಾಡಿಸುವುದು ಹೆಚ್ಚಿನ ಸಲ ಉತ್ತಮ ಆಯ್ಕೆ.

ಬಣ್ಣಕ್ಕೆ ಕೊನೆಯ ಸರದಿ. ಹೊಸ ಸಿಮೆಂಟು ಗಿಲಾವಿಗೆ ಸುಮಾರು 28 ದಿನ ಬಿಟ್ಟು, ತೇವಮಾಪಕದಿಂದ ಪರೀಕ್ಷಿಸಿ ಬಣ್ಣ ಹಚ್ಚಬೇಕು. ಸುಣ್ಣದ ಗೋಡೆಗೆ ಸುಣ್ಣದ ತಿಳಿ ಅಥವಾ ಸಿಲಿಕೇಟ್ ಬಣ್ಣವೇ ಹೊಂದುತ್ತದೆ. ಪ್ಲಾಸ್ಟಿಕ್‌ನಂತೆ ಹೊಳೆಯುವ ಬಣ್ಣ ಬಳಿದರೆ ಸಿಮೆಂಟು ಮಾಡುವ ಹಾನಿಯನ್ನೇ ಅದೂ ಮಾಡುತ್ತದೆ.

ಕೆಲಸ ಮುಗಿದ ಮೇಲೆ

ಉಳಿದ ಟೈಲ್ಸ್‌ನಲ್ಲಿ ಒಂದು ಪೆಟ್ಟಿಗೆಯನ್ನು ತೆಗೆದಿಟ್ಟು, ಪ್ರತಿ ಕೋಣೆಯ ಬಣ್ಣದ ಸಂಖ್ಯೆಯನ್ನು ಗೋಡೆ ಮುಚ್ಚುವ ಮುನ್ನ ತೆಗೆದ ಫೋಟೋಗಳೊಂದಿಗೆ ಬರೆದಿಡಬೇಕು, ಏಕೆಂದರೆ ಅದೇ ಛಾಯೆ ಮತ್ತೆ ಸಿಗುವುದು ಕಷ್ಟ. ಮೊದಲ ವರ್ಷದಲ್ಲಿ ಗಾರೆ ಒಣಗುತ್ತ ಕೆಲವು ಕೂದಲೆಳೆಯ ಬಿರುಕುಗಳು ಏಳುತ್ತವೆ. ಅವನ್ನು ಒಂದೊಂದಾಗಿ ಮುಚ್ಚುವ ಬದಲು ವರ್ಷ ತುಂಬಿದ ಮೇಲೆ ಒಟ್ಟಿಗೆ ತುಂಬಿಸಿ ಬಣ್ಣ ಹಚ್ಚಿಸಬಹುದು. ಮಳೆನೀರಿನ ದೋಣಿಗಳನ್ನು ವರ್ಷಕ್ಕೆ ಎರಡು ಬಾರಿ ಖಾಲಿ ಮಾಡಬೇಕು. ಮೊದಲ ದೊಡ್ಡ ಮಳೆ ಬಂದ ದಿನ, ಮಳೆ ನಿಲ್ಲುವುದನ್ನು ಕಾಯದೆ, ಟಾರ್ಚು ಮತ್ತು ಸೀಮೆಸುಣ್ಣ ಹಿಡಿದು ಮಾಡಿನ ಒಳಭಾಗಕ್ಕೆ ಹೋಗಿ, ತೇವ ಕಂಡ ಪ್ರತಿ ಜಾಗಕ್ಕೂ ಗುರುತು ಹಾಕಿ, ಕೊನೆಯ ಕಂತು ಕೊಡುವ ಮುನ್ನವೇ ಗುತ್ತಿಗೆದಾರರಿಗೆ ಅದನ್ನು ತೋರಿಸಬೇಕು.